ಕರಿಗಟ್ಟಿದ ಕರುಳು

ಪುಣೆಯ ಒಂದು ಆಸ್ಪತ್ರೆಯಲ್ಲಿ ನಮ್ಮ ಸೋದರತ್ತೆಯ ದೊಡ್ಡ ಕರುಳಿಗೆ ಕ್ಯಾಮೆರಾ ಇಳಿಸಿದಾಗ ಪರದೆಯ ಮೇಲೆ ಗುಲಾಬಿ ಬಣ್ಣ ಕಾಣಲಿಲ್ಲ. ಹಾವಿನ ಮೈಯಂತೆ ಕಂದುಗಪ್ಪು, ನಡುನಡುವೆ ಬಿಳಿಚಿದ ಗೆರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುವ ಅತ್ತೆಗೆ ರಕ್ತ ತೀರ ಕಡಿಮೆಯಾಗಿತ್ತು. ಒಳಗೆಲ್ಲಾದರೂ ಸೋರುತ್ತಿದೆಯೇ ಎಂದು ನೋಡಲು ಹೊರಟಿದ್ದರು. ಡಾಕ್ಟರು ಗಾಬರಿಯಾಗಲಿಲ್ಲ. ಹೊರಗೆ ಬಂದು ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು: “ಆಜಿ, ಚೂರ್ಣ ಘೇತಾ ಕಾ?” ಅಜ್ಜಿ, ಚೂರ್ಣ ತಗೊಳ್ತೀರಾ ಅಂತ.

ಧಾರವಾಡದ ಅತ್ತೆ ಕನ್ನಡದಲ್ಲೇ ಹೇಳಿದರು: “ಔಷಧ ಅಂತ ಏನೂ ಇಲ್ರೀ. ರಾತ್ರಿ ಒಂದ ಚಮಚಾ ಸೋನಾಮುಖಿ ಪುಡಿ, ಅಷ್ಟ. ಅದು ಗಿಡದ್ದ ಅಲ್ಲೇನ್ರಿ?”

ಗಿಡದ್ದೇ. ರವಿವಾರ ಪೇಠೆಯ ಗ್ರಂಧಿಗೆ ಅಂಗಡಿಯಿಂದ ತಿಂಗಳಿಗೊಂದು ಪೊಟ್ಟಣ ಮನೆಗೆ ಬರುತ್ತಿತ್ತು. ಹದಿನೈದು ವರ್ಷದಿಂದ.

ಈ ಕಪ್ಪನ್ನು ಮೊದಲು ಬರೆದಿಟ್ಟವನು ಪ್ಯಾರಿಸ್ಸಿನ ಅಂಗರಚನಾ ಶಾಸ್ತ್ರಜ್ಞ ಝ್ಯಾಂ ಕ್ರುವೇಲಿಯೆ, 1829ರ ಸುಮಾರಿಗೆ. ಹೆಣ ಕೊಯ್ದು ನೋಡುವುದೇ ಆಗಿನ ದಾರಿ. 1857ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಇದಕ್ಕೆ ‘ಮೆಲನೋಸಿಸ್ ಕೋಲೈ’ ಎಂದು ಹೆಸರಿಟ್ಟ. ಹೆಸರಾಯಿತು, ಕಾರಣ ಮಾತ್ರ ಸಿಗಲಿಲ್ಲ. ಹೆಣವನ್ನು ‘ರಾತ್ರಿ ಏನು ತಿನ್ನುತ್ತಿದ್ದೆ’ ಎಂದು ಕೇಳುವುದು ಹೇಗೆ?

ಬದುಕಿರುವವರನ್ನು ಕೇಳಬಹುದಾದ ಕಾಲ ಬಂದ ಮೇಲೆ ಗಂಟು ಸಡಿಲವಾಯಿತು. 1933ರಲ್ಲಿ ಅಮೆರಿಕದ ಹೆನ್ರಿ ಬಾಕಸ್ ಮತ್ತು ಜೊತೆಗಾರರು 41 ರೋಗಿಗಳ ವಿವರ ಪ್ರಕಟಿಸಿ, ಸೆನ್ನಾ, ಕ್ಯಾಸ್ಕರಾ ತೊಗಟೆಯಂಥ ಸಸ್ಯಮೂಲದ ಭೇದಿ ಔಷಧಗಳತ್ತ ಬೊಟ್ಟು ಮಾಡಿದರು. ಸೆನ್ನಾ ಎಂದರೆ ನಮ್ಮ ಸೋನಾಮುಖಿಯೇ. ವ್ಯಾಪಾರದಲ್ಲಿ ಅದಕ್ಕೆ ತಿರುನೆಲ್ವೇಲಿಯ ಹೆಸರಿದೆ. 1951ರಲ್ಲಿ ಸ್ಪಿಯರ್ ಎಂಬ ವೈದ್ಯ ಇನ್ನೊಂದು ಹೆಜ್ಜೆ ಮುಂದೆ ಹೋದ: ಇಂಥ ಔಷಧದಿಂದ ಕಪ್ಪು ಬರುವುದನ್ನೂ ನಿಲ್ಲಿಸಿದರೆ ಅದು ಹೋಗುವುದನ್ನೂ 23 ಜನರಲ್ಲಿ ತೋರಿಸಿದ.

ಅಷ್ಟರೊಳಗೆ, 1941ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರ್ಥರ್ ಸ್ಟೋಲ್ ಸೋನಾಮುಖಿಯಿಂದ ಸೆನ್ನೋಸೈಡ್‌ಗಳನ್ನು ಬೇರ್ಪಡಿಸಿದ್ದ. ಈ ವಸ್ತುವಿನ ಚಾಲಾಕಿತನ ನನಗೆ ಇಷ್ಟ. ಸಕ್ಕರೆಯ ಬಾಲ ಅಂಟಿಸಿಕೊಂಡು ಹೊಟ್ಟೆ, ಸಣ್ಣ ಕರುಳುಗಳನ್ನು ಹೆಚ್ಚುಕಡಿಮೆ ಹಾಗೇ ದಾಟುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ಬಾಲ ಕತ್ತರಿಸಿದಾಗಲೇ ಕೆಲಸ ಶುರು. ಅಲ್ಲಿ ಒಳಪದರದ ಜೀವಕೋಶಗಳು ಸಾಯುತ್ತವೆ. ಅವನ್ನು ನುಂಗುವ ಕೋಶಗಳಲ್ಲಿ ಕಂದು ಬಣ್ಣದ ಲಿಪೋಫಸಿನ್ ಕೂಡುತ್ತದೆ. ವಿರ್ಖೋ ಇಟ್ಟ ಹೆಸರಿನಲ್ಲಿರುವ ಮೆಲನಿನ್ ಅದರಲ್ಲಿ ಇಲ್ಲವೇ ಇಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ಕಪ್ಪು ಕ್ಯಾನ್ಸರಲ್ಲ. ಅತ್ತೆಯ ರಕ್ತಹೀನತೆಗೂ ಅದು ಕಾರಣವಲ್ಲ. ಕೆಟ್ಟ ಮೂತ್ರಪಿಂಡ ರಕ್ತ ತಯಾರಾಗಲು ಬೇಕಾದ ಹಾರ್ಮೋನನ್ನು ಸಾಕಷ್ಟು ಕೊಡುವುದಿಲ್ಲ. ಹಾಗಾದರೆ ಚೂರ್ಣದ ಚಿಂತೆ ಏಕೆ? ಮೂತ್ರಪಿಂಡ ಕೈಕೊಟ್ಟಾಗ ದೊಡ್ಡ ಕರುಳು ಅದರ ಪಾಳಿಯನ್ನೂ ಸ್ವಲ್ಪ ಮಾಡುತ್ತದೆ. ಆರೋಗ್ಯವಂತರಲ್ಲಿ ತಿಂದ ಪೊಟ್ಯಾಶಿಯಂನ ಹತ್ತರಲ್ಲೊಂದು ಪಾಲು ಮಲದಲ್ಲಿ ಹೋದರೆ, ಈ ರೋಗಿಗಳಲ್ಲಿ ಅದು ಮೂರರಲ್ಲೊಂದರವರೆಗೂ ಏರಬಲ್ಲುದು ಎಂದು 1960ರ ದಶಕದಲ್ಲೇ ಅಳೆದು ನೋಡಿದ್ದರು. ಹಾಗಾಗಿ ಮಲ ಕಟ್ಟಬಾರದು. ಆದರೆ ಕಟ್ಟಲು ಎಲ್ಲವೂ ಸೇರಿಕೊಳ್ಳುತ್ತವೆ: ನೀರು ಅಳೆದು ಕುಡಿಯಬೇಕು, ಹಣ್ಣು-ಸೊಪ್ಪು ಕಡಿಮೆ ಮಾಡಬೇಕು, ರಂಜಕ ಹಿಡಿದಿಡುವ ಮಾತ್ರೆ ನುಂಗಬೇಕು, ಕಬ್ಬಿಣದ ಮಾತ್ರೆಯೂ ಬೇಕು. ಚೂರ್ಣದ ಮೊರೆ ಹೋದ ಅತ್ತೆಯನ್ನು ನಾನಂತೂ ಬೈಯಲಾರೆ.

ಆ ಕಡೆ ಭೇದಿ ಹೆಚ್ಚಾದರೆ ನೀರು ಹೋಗಿ ಡಯಾಲಿಸಿಸ್ ನಡುವೆ ಬಿಪಿ ಕುಸಿಯಬಹುದು. ಎಷ್ಟೋ ಚೂರ್ಣಗಳಲ್ಲಿ ಸೈಂಧವ ಲವಣ ಇರುತ್ತದೆ. ಉಪ್ಪು ಬಾಯಾರಿಕೆ ತರುತ್ತದೆ, ಬಾಯಾರಿಕೆ ನೀರು ಕುಡಿಸುತ್ತದೆ. ಕೆಲವಕ್ಕೆ ಯವಕ್ಷಾರ ಬೆರೆಸುತ್ತಾರೆ, ಅದು ಪೊಟ್ಯಾಶಿಯಂನದೇ ಕ್ಷಾರ. ಇದೇ ಸೋನಾಮುಖಿಯನ್ನು ಡಾಕ್ಟರೂ ಕೆಲವೊಮ್ಮೆ ಬರೆಯುತ್ತಾರೆ. ಆದರೆ ಅಳತೆಯ ಮಾತ್ರೆಯಾಗಿ, ಇಷ್ಟು ದಿನ ಎಂದು ಲೆಕ್ಕ ಹಾಕಿ.

ಅತ್ತೆಗೆ ಡಾಕ್ಟರು ಚೂರ್ಣದ ಬದಲು ಲ್ಯಾಕ್ಟುಲೋಸ್ ಬರೆದುಕೊಟ್ಟು, ಕಪ್ಪು ತಿಂಗಳುಗಳಲ್ಲಿ ತಾನಾಗಿ ತಿಳಿಯಾದೀತು ಎಂದರು. ಮನೆಗೆ ಬಂದ ಅತ್ತೆ ಡಯಾಲಿಸಿಸ್ ಫೈಲು ತೆಗೆದು, ಔಷಧಗಳ ಪಟ್ಟಿಯ ಕೊನೆಗೆ ಹನ್ನೆರಡನೆಯದಾಗಿ ತಾವೇ ಬರೆದರು: ‘ಚೂರ್ಣ, 15 ವರ್ಷ.’ ಆಮೇಲೆ ಅದರ ಮೇಲೊಂದು ಅಡ್ಡಗೆರೆ ಎಳೆದರು.