ಮೊಬೈಲೇ ಮನೆಯ ರಿಮೋಟ್ ಆದೀತೇ?

ಪ್ರಶ್ನೆ: ಟಿವಿ, ಸೆಟ್‌ಟಾಪ್ ಬಾಕ್ಸ್, ಹೋಮ್ ಥಿಯೇಟರ್‌ಗೆ ಮೂರು ರಿಮೋಟ್ ಇವೆ. ಎಲ್ಲಕ್ಕೂ ಮೊಬೈಲ್ ಒಂದೇ ಸಾಲದೇ? (ಓದುಗರೊಬ್ಬರು, ಬಾರಾಮತಿ)

ಉತ್ತರ: ಸಾಕಾಗುತ್ತದೆ, ಆದರೆ ಅದು ನಿಮ್ಮ ಮೊಬೈಲ್ ಯಾವುದು ಎಂಬುದರ ಮೇಲೆ ನಿಂತಿದೆ. ಮಾಮೂಲಿ ರಿಮೋಟ್ ಮಾತನಾಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ. ಅದರ ತುದಿಯ ಪುಟ್ಟ ದೀಪ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗುವ ಬೆಳಕಿನಲ್ಲಿ ಆಜ್ಞೆ ಕಳಿಸುತ್ತದೆ. ಮೊಬೈಲಿನ ಮುಂದಿನ ಕ್ಯಾಮೆರಾ ಎದುರು ರಿಮೋಟ್ ಹಿಡಿದು ಗುಂಡಿ ಒತ್ತಿ, ಬಹುತೇಕ ಫೋನ್‌ಗಳಲ್ಲಿ ಆ ದೀಪ ನಸುನೇರಳೆಯಾಗಿ ಹೊಳೆಯುವುದು ಕಾಣುತ್ತದೆ. ಇಂಥ ದೀಪ ಶಓಮಿಯ ಹಲವು ಫೋನ್‌ಗಳ ಮೇಲಂಚಿನಲ್ಲಿದೆ, ಐಫೋನ್, ಐಪ್ಯಾಡ್‌ಗಳಲ್ಲಿಲ್ಲ. ದೀಪವೇ ಇಲ್ಲದ ಫೋನಿಗೆ ಯಾವ ಆ್ಯಪ್ ಹಾಕಿದರೂ ಹಳೆಯ ಟಿವಿ ಅಲುಗಾಡದು.

ವೈಫೈ ಇದೆಯಲ್ಲ ಎನ್ನಬಹುದು. ನಿಜ, ಸ್ಮಾರ್ಟ್ ಟಿವಿಗೆ ಅದು ಸಾಕು, ಹೆಸರು ಹುಡುಕಿ ಟೈಪ್ ಮಾಡಲು ಫೋನೇ ಮೇಲು. ಆದರೆ ಸಾಮಾನ್ಯ ಕೇಬಲ್ ಬಾಕ್ಸ್‌ಗೆ ವೈಫೈ ಗೊತ್ತಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಎಚ್ಚರಗೊಳ್ಳುವ ತನಕ ಕಾಯಬೇಕು. ಅದಕ್ಕಿಂತ ದೊಡ್ಡ ತೊಡಕು ಮನುಷ್ಯರದು: ಫೋನಿನ ಒಡೆಯರು ಪೇಟೆಗೆ ಹೋದರೆ ಮನೆಯಲ್ಲಿರುವ ಅಜ್ಜಿ ಧ್ವನಿ ತಗ್ಗಿಸುವುದು ಹೇಗೆ? ಆದ್ದರಿಂದ ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ-ಸಿಇಸಿ ಚಾಲೂ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ಎಚ್‌ಡಿಎಂಐ ಕೇಬಲ್‌ನಲ್ಲಿ ಸೇರಿಸಿದ, ಈ ಸೌಲಭ್ಯವಿರುವ ಹೋಮ್ ಥಿಯೇಟರ್ ಆಗ ಟಿವಿ ರಿಮೋಟಿನ ಮಾತನ್ನೇ ಕೇಳುತ್ತದೆ. ಮೊಬೈಲನ್ನು ಹೆಚ್ಚುವರಿ ರಿಮೋಟಾಗಿ ಇಟ್ಟುಕೊಳ್ಳಿ, ಹಳೆಯವನ್ನು ಎಸೆಯಬೇಡಿ.