ಬಿಸಿಯಾದರೆ ಹಟ ಹಿಡಿಯುವ ಡೀಸೆಲ್ ಗಾಡಿ

ನನ್ನದು ಚಳ್ಳಕೆರೆ ಸೀಮೆಯ ಮಳೆ ನಂಬಿದ ಬೇಸಾಯ. ಶೇಂಗಾ, ತೊಗರಿ, ಒಂದಿಷ್ಟು ಕುರಿ. ಓದಿದ್ದು ಏಳನೇ ಕ್ಲಾಸು. ಗಾಡಿ ರಿಪೇರಿ ಕಲಿತವನಲ್ಲ. ಆದರೆ 2014ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಹಳೇ ಡೀಸೆಲ್ ಕಾರು ಕೆಲವು ಪಾಠ ಕಲಿಸಿತು. ಅದನ್ನೇ ಬರೆಯುತ್ತಿದ್ದೇನೆ.

ಕಾರಿನ ಕಾಯಿಲೆ ಇಷ್ಟು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಹತ್ತು ಮೈಲಿ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಕೀ ತಿರುವಿದರೆ ಕುಂಯ್ ಕುಂಯ್ ಅನ್ನೋದೇ ಸೈ, ಹತ್ತಿಕೊಳ್ಳದು. ಬಾನೆಟ್ ಎತ್ತಿಟ್ಟು ಮುಕ್ಕಾಲು ಗಂಟೆ ಕೂತರೆ ಮತ್ತೆ ಸರಿ. ನಾನೂ ಎಲ್ಲರ ಹಾಗೆ ಅಡ್ಡದಾರಿ ಹಿಡಿದೆ. ಸಂತೆಗೆ ಹೋದರೆ ಇಳಿಜಾರು ಹುಡುಕಿ ನಿಲ್ಲಿಸೋದು, ಸಣ್ಣ ಕೆಲಸವಿದ್ದರೆ ಆಫ್ ಮಾಡದೇ ಇಳಿಯೋದು. ಹೀಗೇ ಎರಡು ವರ್ಷ ದೂಡಿದೆ.

2021ರ ಅಕ್ಟೋಬರಿನಲ್ಲಿ ಶೇಂಗಾ ಕೀಳುವಾಗ ಪಕ್ಕದ ಹೊಲದ ಹುಡುಗನಿಗೆ ಕೊಳಕುಮಂಡಲ ಕಚ್ಚಿತು. ಕಾರಿಗೆ ಹಾಕಿಕೊಂಡು ಹೊರಟೆವು. ಡೀಸೆಲ್ ಮುಳ್ಳು ತಳಕ್ಕೆ ಬಂದಿತ್ತು, ಬಂಕಿಗೆ ತಿರುಗಿಸಲೇಬೇಕಾಯಿತು. ಬಂಕಿನಲ್ಲಿ ಇಂಜಿನ್ ಆಫ್ ಮಾಡದೆ ಆಗುವುದಿಲ್ಲ. ಹಾಕಿಸಿ ಕೀ ತಿರುವಿದೆ. ಮತ್ತದೇ ಕುಂಯ್ ಕುಂಯ್. ಹಿಂದಿನ ಸೀಟಿನಲ್ಲಿ ಅವನ ತಾಯಿ 'ಅಣ್ಣಾ, ಏನಾಯ್ತಣ್ಣಾ' ಅಂತಿದ್ದಾಳೆ. ಕೊನೆಗೆ ಬಂಕಿನ ಹುಡುಗರೂ ಒಬ್ಬ ಲಾರಿ ಡ್ರೈವರೂ ಸೇರಿ ನೂಕಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಹತ್ತಿಕೊಂಡಿತು. ಅಷ್ಟರಲ್ಲಿ ಏಳೆಂಟು ನಿಮಿಷ ಹೋಗಿತ್ತು. ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇತ್ತು, ಹುಡುಗ ಉಳಿದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ತೋರಿಸಿದ ಮೆಕ್ಯಾನಿಕ್ಕು ಬಾನೆಟ್ ಎತ್ತಿದವನೇ 'ಡೀಸೆಲ್ ಪಂಪು ಹೋಗಿದೆ, 24 ಸಾವಿರ ಆಗುತ್ತೆ' ಅಂದ. ಟಗರು ಮಾರಿಯಾದರೂ ಮಾಡಿಸೋಣ ಅಂತಿದ್ದೆ. ಬೋರ್‌ವೆಲ್ ಲಾರಿ ಓಡಿಸಿ ಪಳಗಿದ ನನ್ನ ಭಾವಮೈದ ತಡೆದ. 'ಭಾವ, ದುಡ್ಡು ಕೊಡೋಕೆ ಮುಂಚೆ ಒಂದು ಒದ್ದೆ ಬಟ್ಟೆ ಹಾಕಿ ನೋಡಿ' ಅಂದ.

ಅವನು ಹೇಳಿದ ಲೆಕ್ಕ ಇದು. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಮೀರಿ ಕಾಯುತ್ತದೆ. ಅದರೊಳಕ್ಕೆ ನಾಝಲ್ ಮಂಜಿನಂತೆ ಡೀಸೆಲ್ ಚಿಮ್ಮಿಸಿದರೆ ತಾನೇ ಹತ್ತುತ್ತದೆ. ಹಾಗಾಗಿ ಎರಡು ಬೇಕೇ ಬೇಕು: ಸೆಲ್ಫು ಇಂಜಿನ್ನನ್ನು ಜೋರಾಗಿ ತಿರುಗಿಸಬೇಕು, ಪಂಪು ಡೀಸೆಲನ್ನು ನೂರು ಬಾರಿಗೂ ಮೀರಿದ ಒತ್ತಡದಲ್ಲಿ ತಳ್ಳಬೇಕು. ಹೀಟರ್ ಪ್ಲಗ್ ಇರೋದು ತಣ್ಣನೆಯ ಇಂಜಿನ್ನಿಗೆ. ಬಿಸಿಯಲ್ಲಿ ಹತ್ತದ ಗಾಡಿಗೆ ಅದನ್ನು ಬದಲಿಸಿದರೆ ದುಡ್ಡು ದಂಡ. ನಾನೇ ಒಮ್ಮೆ ದಂಡ ಕಟ್ಟಿದ್ದೆ.

ಡೀಸೆಲ್ಲೂ ಬೆಲ್ಲದ ಪಾಕದ ಹಾಗೆ, ಕಾದಷ್ಟೂ ತೆಳುವು. ಪಂಪಿನೊಳಗಿನ ಭಾಗ ಸವೆದಿದ್ದರೆ ತೆಳು ಡೀಸೆಲ್ ಸಂದಿಯಲ್ಲಿ ಹಿಂದಕ್ಕೆ ಜಾರುತ್ತದೆ, ಸೆಲ್ಫಿನ ನಿಧಾನದ ತಿರುಗಿಗೆ ಒತ್ತಡ ಏರೋದಿಲ್ಲ. ನೂಕಿದಾಗ ಹತ್ತಿದ್ದು ಇಂಜಿನ್ ಜೋರಾಗಿ ತಿರುಗಿದ್ದರಿಂದ. ಆದರೆ ಸೆಲ್ಫು ಸೋತಿದ್ದರೂ ನೂಕಿದರೆ ಹತ್ತುತ್ತದೆ. ಕಳ್ಳ ಇಬ್ಬರಲ್ಲಿ ಯಾರು ಅಂತ ಹೇಳೋದು ಬಟ್ಟೆ.

ಗಾಡಿ ಚೆನ್ನಾಗಿ ಕಾದು, ಹತ್ತದೇ ಹೋದಾಗ ಕೀ ತೆಗೆದು, ಒದ್ದೆ ಗೋಣಿಬಟ್ಟೆಯನ್ನು ಪಂಪಿನ ಮೇಲೆ ಮಾತ್ರ ಸುತ್ತಿ ಹತ್ತು ನಿಮಿಷ ಬಿಡಬೇಕು. ಬಕೆಟ್‌ನಿಂದ ಎರಚಬಾರದು. ಕಾದ ಪಂಪು ಒಮ್ಮೆಲೇ ತಣ್ಣಗಾದರೆ ಒಳಗೆ ಹಿಡಿದುಕೊಳ್ಳಬಹುದು, ಇಂಜಿನ್ ಹೆಡ್ಡಿಗೆ ಬಿದ್ದರೆ ಬಿರುಕು ಬಿಡಬಹುದು. ಬಟ್ಟೆ ಸುತ್ತಿದ ಮೇಲೆ ಹತ್ತಿದರೆ ಪಂಪು ಸವೆದಿದೆ ಅಂತ. ನನ್ನ ಗಾಡಿ ಹತ್ತಲಿಲ್ಲ. ಭಾವಮೈದ ನಕ್ಕ.

ಡೀಸೆಲ್ ಪೈಪಿನಲ್ಲಿ ಗಾಳಿ ಇದೆಯಾ ಅಂತ ಪಾರದರ್ಶಕ ಟ್ಯೂಬ್ ಹಾಕಿ ನೋಡಿದೆವು, ಗುಳ್ಳೆ ಇರಲಿಲ್ಲ. (ಗಾಳಿಯ ತೊಂದರೆ ಸಾಮಾನ್ಯವಾಗಿ ರಾತ್ರಿಯೆಲ್ಲ ನಿಂತ ಗಾಡಿಗೆ ಜಾಸ್ತಿ.) ಕೀ ಹಾಕಿದಾಗ ಪಂಪಿನ ಮೇಲಿನ ಸೊಲೆನಾಯ್ಡ್ 'ಟಕ್' ಅನ್ನುತ್ತಿತ್ತು. ಆಮೇಲೆ ಮೀಟರ್ ಹಿಡಿದೆವು. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.9, ಆದರೆ ಸೆಲ್ಫಿನ ಹತ್ತಿರ 9.1 ಮಾತ್ರ. ಹೆಚ್ಚುಕಮ್ಮಿ ಎರಡು ವೋಲ್ಟ್ ದಾರಿಯಲ್ಲೇ ಮಾಯ! ಬ್ಯಾಟರಿಯ ಮೈನಸ್ಸಿಗೂ ಇಂಜಿನ್ನಿನ ಕಬ್ಬಿಣಕ್ಕೂ ಮೀಟರ್ ಇಟ್ಟರೆ 1.3 ತೋರಿಸಿತು. ಅದು ಅರ್ಧ ವೋಲ್ಟಿನೊಳಗೆ ಇರಬೇಕು. ಅಂದರೆ ಅರ್ತಿಂಗ್ ಸರಿಯಿಲ್ಲ. ಬ್ಯಾಟರಿ ಮೈನಸ್ಸಿನಿಂದ ಇಂಜಿನ್ನಿಗೆ ನೇರವಾಗಿ ಇನ್ನೊಂದು ದಪ್ಪ ಕೇಬಲ್ ಹಿಡಿದು ಕೀ ತಿರುವಿದರೆ, ಬಿಸಿ ಇಂಜಿನ್ ಬೆಳಗಿನ ಹಾಗೆ ಹತ್ತಿತು.

ಗೇರ್‌ಬಾಕ್ಸಿನ ಹತ್ತಿರ ಅರ್ತಿಂಗ್ ಪಟ್ಟಿ ಬಿಚ್ಚಿದರೆ ಅರ್ಧ ಎಳೆ ಕಡಿದಿದ್ದವು, ಬೋಲ್ಟಿನಡಿ ಹಸಿರು ಕಿಲುಬು. ತಾಮ್ರ 60 ಡಿಗ್ರಿ ಹೆಚ್ಚು ಕಾದರೆ ಕರೆಂಟಿಗೆ ಅದರ ತಡೆ ಸುಮಾರು ಕಾಲು ಪಾಲು ಏರುತ್ತದೆ. ತಣ್ಣಗಿದ್ದಾಗ ಹೇಗೋ ಸಾಗುತ್ತಿದ್ದುದು ಬಿಸಿಯಲ್ಲಿ ಸೋಲುತ್ತಿತ್ತು. ಹೊಸ ಪಟ್ಟಿ 350 ರೂಪಾಯಿ. ಸೆಲ್ಫಿನ ಬುಷ್, ಕಾರ್ಬನ್ ಬ್ರಷ್ಷಿಗೆ ಇನ್ನೊಂದು 900.

ಆ ಮೆಕ್ಯಾನಿಕ್ ಪೂರ್ತಿ ಸುಳ್ಳು ಹೇಳಿದ ಅನ್ನಲಾರೆ. 2023ರ ಬೇಸಿಗೆಯಲ್ಲಿ ಕಾಯಿಲೆ ಮರಳಿತು. ಈ ಸಲ ಸೆಲ್ಫು ಗಿರ್ರನೆ ತಿರುಗುತ್ತಿತ್ತು, ಆದರೂ ಹತ್ತುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿದೆ, ಹತ್ತಿತು. ಆಗ ಪಂಪು ಬಿಚ್ಚಿಸಿ ಕೆಲಸ ಮಾಡಿಸಿದೆ, ಟಗರೂ ಮಾರಿದೆ. ಹೊಟ್ಟೆ ಉರಿಯಲಿಲ್ಲ, ಯಾಕೆ ಕೊಡುತ್ತಿದ್ದೇನೆ ಅಂತ ಗೊತ್ತಿತ್ತು.

ಪರೀಕ್ಷೆ ಮಾಡುವಾಗ ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಸೆಲ್ಫ್ ಹೊಡೆಯಬೇಡಿ. ನಾಝಲ್ಲಿನಿಂದ ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಬೇಡಿ, ಚರ್ಮ ತೂರಿ ಒಳಗೆ ಹೋಗುತ್ತದೆ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ದಾಟುವುದರಿಂದ ಪೈಪಿನ ನಟ್ಟು ಸಡಿಲಿಸಲೇಬಾರದು. ಅವುಗಳಲ್ಲಿ ಬಿಸಿಗೆ ಕೈಕೊಡುವುದು ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರ್, ಇಲ್ಲವೇ ಹಿಂದಕ್ಕೆ ಸೋರುವ ಇಂಜೆಕ್ಟರ್ ಎನ್ನುತ್ತಾರೆ. ಅಂಥ ಗಾಡಿ ಇಟ್ಟುಕೊಂಡು ಪಾಡು ಪಟ್ಟವರು ಯಾರಾದರೂ ಬರೆದರೆ ನನ್ನ ಮಗನಿಗೆ ಉಪಯೋಗವಾದೀತು. ಅವನು ಹೋದ ತಿಂಗಳು ಒಂದು ತಂದು ನಿಲ್ಲಿಸಿದ್ದಾನೆ.