ಸೀಟಿಗೆ ಮೊದಲಿನ ದುಡಿಮೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ಊರುಗಳ ಶಾಲೆಯ ಬಯಲುಗಳಲ್ಲಿ ಹೆಣ್ಣುಮಕ್ಕಳು ವಾಲಿಬಾಲ್ ಆಡುವುದು ಈಗ ಯಾರಿಗೂ ಸೋಜಿಗವಲ್ಲ. ತಾಲ್ಲೂಕಿನಲ್ಲಿ ಗೆದ್ದ ತಂಡವು ಜಿಲ್ಲೆಯ ಪಂದ್ಯಕ್ಕೂ, ಅಲ್ಲಿ ಗೆದ್ದರೆ ಮೈಸೂರು ವಿಭಾಗಕ್ಕೂ ಹೋಗುವುದು. ಸೀಟಿ ಊದಿದಾಗ ಆಟ ಮೊದಲಾಯಿತೆಂದು ನೋಡುವವರು ತಿಳಿಯುವರು. ಆಡುವ ಹುಡುಗಿಯ ದೇಹವಾದರೋ ಅದಕ್ಕೆ ಬಹಳ ಮುಂಚೆಯೇ ದುಡಿಯತೊಡಗಿರುತ್ತದೆ. ಬಯಲಿನಲ್ಲಿ ‘ವಾರ್ಮ್ ಅಪ್’ ಎಂದು ಕರೆಯುವ ಈ ದುಡಿಮೆಯ ವಿಚಾರವನ್ನು ಮನೆಯವರೂ ಅರಿತಿರಬೇಕು.

ಗರಡಿಯ ಮಣ್ಣಿಗೆ ಇಳಿದ ಪೈಲವಾನನು ಬಸ್ಕಿ ಹೊಡೆಯದೆ ಎದುರಾಳಿಯ ತೋಳು ಹಿಡಿಯನು. ವಾಲಿಬಾಲಿಗೂ ಅದೇ ನ್ಯಾಯ. ೧೮೯೫ರಲ್ಲಿ ಅಮೆರಿಕದ ವಿಲಿಯಂ ಮಾರ್ಗನ್ ಎಂಬವರು, ಬ್ಯಾಸ್ಕೆಟ್ ಬಾಲಿನ ಓಟವನ್ನು ತಾಳಲಾರದ ನಡುವಯಸ್ಕರಿಗೆಂದು ಇದನ್ನು ಮೆಲ್ಲನೆಯ ಆಟವಾಗಿ ಕಲ್ಪಿಸಿದರು. ಮೆಲ್ಲನೆಯ ಆಟ! ಹೆಂಗಸರ ಪಂದ್ಯದ ಬಲೆಯ ಎತ್ತರ ೨.೨೪ ಮೀಟರು, ಎಂದರೆ ಏಳು ಅಡಿ ನಾಲ್ಕು ಅಂಗುಲ. ಅದರ ಮೇಲಕ್ಕೆ ಮತ್ತೆ ಮತ್ತೆ ಜಿಗಿದು, ಗಟ್ಟಿ ನೆಲಕ್ಕೆ ಇಳಿಯಬೇಕು.

ಈ ಸಿದ್ಧತೆಯು ಮೆಲ್ಲನೆಯ ಓಟದಿಂದ ಮೊದಲಾಗಿ, ತೋಳು ತಿರುಗಿಸುವುದು, ಮಂಡಿ ಬಗ್ಗಿಸಿ ಮುಂದಡಿಯಿಡುವುದು, ಅಡ್ಡಡ್ಡ ಓಡುವುದು, ಜೋಡಿಯಾಗಿ ಚೆಂಡಾಡುವುದು ಎಂದು ಏರುತ್ತ, ಕೊನೆಗೆ ಬಲೆಯ ಬಳಿಯ ಹೊಡೆತಗಳಿಗೆ ಬರುವುದು. ಬಲೆಯ ಬಳಿ ಎರಡು ತಂಡಗಳಿಗೂ ಕೂಡಿ ಅಂತರರಾಷ್ಟ್ರೀಯ ನಿಯಮವು ಕೊಡುವ ಹೊತ್ತು ಆರು ನಿಮಿಷ. ಮೊದಲೇ ಬೇರೆ ಅಂಗಳ ದೊರೆಯದಿದ್ದವರಿಗೆ ಹತ್ತು. ಸ್ನಾಯುಗಳು ಬಿಸಿಯಾದಷ್ಟೂ ಜಿಗಿತಕ್ಕೆ ಬಲ ಬರುವುದು. ನಿಂತಲ್ಲಿಯೇ ಸ್ನಾಯುವನ್ನು ಒಂದು ನಿಮಿಷಕ್ಕೂ ಮಿಕ್ಕಿ ಎಳೆದು ಹಿಡಿದರೆ ಮಾತ್ರ ಆ ಬಲವು ಕುಂದುವುದು. ಜಿಗಿದು ಇಳಿಯುವ ಆಟಗಳಲ್ಲಿ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಭಯವು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಮಂಡಿ ಒಳಕ್ಕೆ ವಾಲದಂತೆ ಮೆತ್ತಗೆ ಇಳಿಯುವುದನ್ನು ಈ ಹೊತ್ತಿನಲ್ಲಿಯೇ ರೂಢಿಮಾಡಿಸಿದರೆ ಆ ಭಯವು ತಗ್ಗುವುದು.

ಹಾಸನವು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿದೆ. ಮಾಗಿಯ ಬೆಳಗಿನಲ್ಲಿ ಮೈ ಬಿಸಿಯೇರಲು ಹೆಚ್ಚು ಹೊತ್ತು ಬೇಕು. ಏರಿದ ಬಿಸಿಯೂ ಬೇಗನೆ ಇಳಿಯುವುದು. ಹುಡುಗಿಯರು ಬೆವರುವವರೆಗೆ ಓಡಿ ಸಿದ್ಧರಾದ ಮೇಲೆ ಮುಖ್ಯ ಅತಿಥಿಗಳ ದಾರಿ ಕಾಯುವುದು, ಬಳಿಕ ಭಾಷಣಗಳನ್ನು ಕೇಳಿಸುವುದು ನಮ್ಮ ಕ್ರೀಡಾಕೂಟಗಳ ಸಂಪ್ರದಾಯ. ಕಾಲು ಗಂಟೆ ಸುಮ್ಮನೆ ನಿಂತರೆ ಪಟ್ಟ ಶ್ರಮದ ಬಹುಭಾಗ ವ್ಯರ್ಥ. ಭಾಷಣವನ್ನು ಪಂದ್ಯದ ಕೊನೆಗೆ ಇಟ್ಟರೆ ಅತಿಥಿಗಳ ಗೌರವಕ್ಕೇನೂ ಕೊರತೆಯಾಗದು.

ಇದಕ್ಕಿಂತಲೂ ಗಂಭೀರವಾದ ಮಾತೊಂದಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಮೆಯಾದವಳಿಗೆ ಸ್ನಾಯುಗಳಿಗೆ ಬೇಕಾದಷ್ಟು ಪ್ರಾಣವಾಯು ಒದಗದು. ಅವಳು ಮುಂಜಾನೆ ಬರಿಯ ಕಾಫಿ ಕುಡಿದು ಜಿಲ್ಲಾ ಪಂದ್ಯಕ್ಕೆಂದು ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಬಸ್ಸು ಹತ್ತಿ ಬಂದರೆ, ಇದ್ದ ಶಕ್ತಿಯು ಈ ಸಿದ್ಧತೆಯಲ್ಲಿಯೇ ಸೋರಿಹೋಗುವುದು. ಎರಡನೆಯ ಸೆಟ್ಟಿನಲ್ಲಿ ಕಾಲು ಏಳದಿದ್ದಾಗ ‘ಸೋಮಾರಿ’ ಎಂಬ ಹೆಸರೂ ಬರುವುದು. ಅದು ಅನ್ಯಾಯ.

ಆದುದರಿಂದ ಆಟಕ್ಕೆ ಎರಡು ಮೂರು ಗಂಟೆ ಮೊದಲು ಹೊಟ್ಟೆಗೆ ಹಿತವಾದ ಊಟವಾಗಲಿ. ರಾಗಿಯ ಗಂಜಿಯಾದರೂ ಸರಿಯೆ. ಹೊರಡುವ ಹೊತ್ತಿಗೆ ಒಂದು ಬಾಳೆಯಹಣ್ಣು ಸಾಕು. ದಿನನಿತ್ಯದ ಊಟದಲ್ಲಿ ಸೊಪ್ಪೂ ಮೊಳಕೆಯ ಹುರುಳಿಯೂ ಇರಲಿ. ಅವುಗಳ ಮೇಲೆ ನಿಂಬೆಯ ರಸ ಹಿಂಡಿದರೆ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುವುದು. ಊಟದೊಡನೆ ಕಾಫಿ ಕುಡಿದರೆ ಹತ್ತದು. ಕಾಫಿಯ ಸೀಮೆಯವರಾದ ನಮಗೆ ಈ ಮಾತು ರುಚಿಸದು, ಆದರೂ ನಿಜ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಮಗಳು ನುಂಗಿದಳೋ, ಬೇಲಿಗೆ ಎಸೆದಳೋ ಎಂದು ತಾಯಿ ವಿಚಾರಿಸಬೇಕು. ತಲೆ ತಿರುಗುವುದು, ಏದುಸಿರು ಬರುವುದು ಕಂಡರೆ ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಪಂದ್ಯದ ದಿನ ಚೀಲದಲ್ಲಿ ನೀರಿನೊಡನೆ ಒಂದು ಸ್ವೆಟರನ್ನೂ ಇಟ್ಟುಕೊಡಿರಿ. ಕಾಯುವ ಹೊತ್ತಿನಲ್ಲಿ ಅದನ್ನು ಹೊದ್ದುಕೊಳ್ಳಲಿ.